ಹಯಾಟಸ್ ಹರ್ನಿಯಾ: ಯಾವ ಟೆಸ್ಟ್ ಯಾವಾಗ, ರಿಪೋರ್ಟ್‌ನಲ್ಲಿ ಏನು ನೋಡಬೇಕು

"ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದ್ವಿ, ಎಲ್ಲಾ ನಾರ್ಮಲ್ ಅಂದ್ರು. ಆದ್ರೂ ಎದೆಯುರಿ ನಿಂತಿಲ್ಲ." ಮೈಸೂರು, ಮಂಡ್ಯದ ಕಡೆ ಈ ಮಾತನ್ನು ಹೇಳದ ಮನೆ ಕಡಿಮೆ. ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಾರೆ. ಮಲಗಿದರೆ ಹುಳಿನೀರು ಗಂಟಲಿಗೆ ಬರುತ್ತದೆ. ರಾತ್ರಿ ಕೆಮ್ಮು ಬೇರೆ. ಇಂಥವರಲ್ಲಿ ಕೆಲವರಿಗೆ ಜಠರದ ಮೇಲ್ಭಾಗವೇ ಸ್ವಲ್ಪ ಎದೆಗೂಡಿನೊಳಗೆ ಸರಿದಿರುತ್ತದೆ. ಅದೇ ಹಯಾಟಸ್ ಹರ್ನಿಯಾ.

ಊರಲ್ಲಿ ಸುಮ್ನೆ 'ಸ್ಕ್ಯಾನಿಂಗ್' ಅಂದರೆ ಸಾಮಾನ್ಯವಾಗಿ ಅಲ್ಟ್ರಾಸೌಂಡ್. ಪಿತ್ತಕೋಶದ ಕಲ್ಲು, ಲಿವರ್, ಕಿಡ್ನಿ ನೋಡಲು ಅದು ಒಳ್ಳೆಯ ಟೆಸ್ಟ್. ಆದರೆ ಶಬ್ದದ ಅಲೆ ಗಾಳಿಯನ್ನು ದಾಟಿ ಹೋಗುವುದಿಲ್ಲ. ಜಠರದಲ್ಲಿ ಗಾಳಿ, ಅದರ ಮೇಲೆ ಶ್ವಾಸಕೋಶದಲ್ಲೂ ಗಾಳಿ. ಹಾಗಾಗಿ ದೊಡ್ಡವರಲ್ಲಿ ಈ ಹರ್ನಿಯಾ ಹುಡುಕಲು ಅಲ್ಟ್ರಾಸೌಂಡನ್ನು ನಂಬುವಂತಿಲ್ಲ. ಸ್ಕ್ಯಾನ್ ನಾರ್ಮಲ್ ಬಂದಿದ್ದಕ್ಕೆ ಹರ್ನಿಯಾ ಇಲ್ಲ ಎಂದು ಅರ್ಥವಲ್ಲ. ಸ್ಕ್ಯಾನ್ ಮಾಡಿದವರು ತಪ್ಪು ಮಾಡಿದರು ಎಂದೂ ಅಲ್ಲ. ಕೇಳಿದ್ದೇ ಬೇರೆ ಪ್ರಶ್ನೆ, ಅಷ್ಟೆ.

ಮೊದಲು ದೇಹದ ಒಳಗೆ ಏನಾಗಿರುತ್ತದೆ ನೋಡೋಣ. ಎದೆ ಮತ್ತು ಹೊಟ್ಟೆಯ ನಡುವೆ ವಪೆ ಎಂಬ ಮಾಂಸಖಂಡದ ಪರದೆ ಇದೆ. ಅನ್ನನಾಳ ಆ ಪರದೆಯ ಒಂದು ಕಿಂಡಿಯೊಳಗಿಂದ ಕೆಳಗಿಳಿದು ಜಠರ ಸೇರುತ್ತದೆ. ವಯಸ್ಸು, ಬೊಜ್ಜು, ಬಸಿರು, ಬಿಡದ ಕೆಮ್ಮು, ಮಲಬದ್ಧತೆಯಿಂದ ತಿಣುಕುವುದು, ಭಾರ ಎತ್ತುವುದು, ಹೀಗೆ ಹೊಟ್ಟೆಯೊಳಗೆ ಒತ್ತಡ ಹೆಚ್ಚಿದಾಗ ಆ ಕಿಂಡಿ ಸಡಿಲವಾಗಬಹುದು. ಆಗ ಜಠರದ ತುದಿ ಮೇಲೆ ಬರುತ್ತದೆ. ಹತ್ತರಲ್ಲಿ ಒಂಬತ್ತಕ್ಕೂ ಜಾಸ್ತಿ ಕೇಸುಗಳಲ್ಲಿ ಇದು ಜಾರುವ ಬಗೆಯದು. ಮಲಗಿದಾಗ, ಬಗ್ಗಿದಾಗ ಮೇಲೆ ಬರುತ್ತದೆ, ಎದ್ದು ನಿಂತಾಗ ಕೆಳಗೆ ಹೋಗುತ್ತದೆ.

ಇದನ್ನು ಗಟ್ಟಿಯಾಗಿ ಮನಸ್ಸಲ್ಲಿಟ್ಟುಕೊಳ್ಳಿ. ಟೆಸ್ಟ್ ತೋರಿಸುವುದು ಆ ಹೊತ್ತಿನ ಸ್ಥಿತಿಯನ್ನು. ಆ ಹೊತ್ತಿಗೆ ಜಠರ ತನ್ನ ಜಾಗದಲ್ಲೇ ಇದ್ದರೆ ಹರ್ನಿಯಾ ಸಿಗುವುದಿಲ್ಲ. ಆದ್ದರಿಂದ ಯಾವ ಟೆಸ್ಟ್ ಎನ್ನುವುದರ ಜೊತೆಗೆ, ಯಾವ ಭಂಗಿಯಲ್ಲಿ ಮತ್ತು ಯಾವ ಪ್ರಶ್ನೆ ಇಟ್ಟುಕೊಂಡು ಮಾಡಿದರು ಎನ್ನುವುದೂ ಮುಖ್ಯ.

ಹೆಜ್ಜೆ 1: ಎದೆನೋವಾದರೆ ಮೊದಲು ಹೃದಯ

ಎದೆ ಹಿಂಡಿದಂತಾಗುವುದು, ಬೆವರು, ಎಡಗೈಗೋ ದವಡೆಗೋ ಹರಿಯುವ ನೋವು, ಉಸಿರು ಕಟ್ಟುವುದು, ಇವುಗಳಲ್ಲಿ ಯಾವುದಿದ್ದರೂ 'ಗ್ಯಾಸ್ಟ್ರಿಕ್ ಇರಬೇಕು' ಎಂದು ಸೋಡಾ ಕುಡಿದು ಕೂರಬೇಡಿ. 108ಕ್ಕೆ ಕರೆ ಮಾಡಿ. ಮೈಸೂರಿನಲ್ಲಿದ್ದರೆ ಕೆಆರ್‌ಎಸ್ ರಸ್ತೆಯ ಜಯದೇವ ಆಸ್ಪತ್ರೆ ಇದೆ, ಮಂಡ್ಯದಲ್ಲಿ ಮಿಮ್ಸ್ ಇದೆ. ಯಾವುದು ಹತ್ತಿರವೋ ಅಲ್ಲಿಗೆ ಹೋಗಿ ಇಸಿಜಿ ಮಾಡಿಸಿ. ಮೊದಲ ಇಸಿಜಿ ಸರಿ ಇದ್ದರೂ ಡಾಕ್ಟರ್ ಟ್ರೋಪೋನಿನ್ ಎಂಬ ರಕ್ತಪರೀಕ್ಷೆ ಮಾಡಿಸಿ, ಸ್ವಲ್ಪ ಹೊತ್ತು ಇರಿ ಎನ್ನಬಹುದು. ಇರಿ. ಸಕ್ಕರೆ ಕಾಯಿಲೆ ಇರುವವರಿಗೆ ಹೃದಯದ ನೋವು ಅಷ್ಟು ಜೋರಾಗಿ ಗೊತ್ತಾಗದೆಯೂ ಇರಬಹುದು. ಹರ್ನಿಯಾದ ತನಿಖೆ ನಾಳೆಯೂ ಮಾಡಬಹುದು. ಹೃದಯದ್ದು ಹಾಗಲ್ಲ.

ಹೆಜ್ಜೆ 2: ಡಾಕ್ಟರ ಮುಂದೆ ಕೂರುವ ಮೊದಲು ಬರೆದುಕೊಳ್ಳಿ

ಒಂದು ವಾರ ಒಂದು ಚೀಟಿಯಲ್ಲಿ ಗುರುತು ಹಾಕಿ. ಉರಿ ಯಾವಾಗ ಬರುತ್ತದೆ? ರಾತ್ರಿ ಒಂಬತ್ತೂವರೆಗೆ ಮುದ್ದೆ, ಉಪ್ಸಾರು ಖಾರ ಉಂಡು ಹತ್ತಕ್ಕೆ ಮಲಗಿದಾಗಲಾ? ಗದ್ದೆಯಲ್ಲಿ ಬಗ್ಗಿ ಕಳೆ ಕೀಳುವಾಗಲಾ? ಕಬ್ಬಿನ ಹೊರೆ ಎತ್ತಿದ ಮೇಲಾ? ಮೆಟ್ಟಿಲು ಹತ್ತುವಾಗ ಬಂದರೆ ಅದು ಮತ್ತೆ ಹೃದಯದ ಕಡೆ ಕೈ ತೋರಿಸುತ್ತದೆ. ಬಗ್ಗಿದಾಗ, ಮಲಗಿದಾಗ ಬಂದರೆ ಆಸಿಡ್ ಮೇಲೇರುವ ಸಾಧ್ಯತೆ ಜಾಸ್ತಿ.

ಎದೆಯುರಿ ಬಂದವರೆಲ್ಲ ಟೆಸ್ಟ್ ಮಾಡಿಸಬೇಕಿಲ್ಲ. ಬೇರೆ ತೊಂದರೆ ಇಲ್ಲದವರಿಗೆ ಡಾಕ್ಟರು ಮೊದಲು ಆಸಿಡ್ ತಗ್ಗಿಸುವ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಯನ್ನು ಕೆಲವು ವಾರ, ಸಾಮಾನ್ಯವಾಗಿ 8 ವಾರದ ತನಕ ಕೊಟ್ಟು ನೋಡುತ್ತಾರೆ. ಅದು ಸರಿಯಾದ ದಾರಿಯೇ. ಆದರೆ ಈ ಲಕ್ಷಣಗಳಿದ್ದರೆ ಕಾಯಬೇಡಿ: ನುಂಗುವಾಗ ಅನ್ನ ಎದೆಯಲ್ಲಿ ಸಿಕ್ಕಿಕೊಳ್ಳುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಕಪ್ಪು ಮಲ, ರಕ್ತ ವಾಂತಿ, ಮತ್ತೆ ಮತ್ತೆ ಹಿಮೋಗ್ಲೋಬಿನ್ ಕಡಿಮೆಯಾಗುವುದು.

ಕೊನೆಯದನ್ನು ನಮ್ಮ ಕಡೆ ಯಾರೂ ಹರ್ನಿಯಾಕ್ಕೆ ಜೋಡಿಸುವುದಿಲ್ಲ. ಅರವತ್ತು ದಾಟಿದ ಹೆಂಗಸಿಗೆ ರಕ್ತ ಕಡಿಮೆ ಎಂದರೆ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸುತ್ತಾರೆ. ದೊಡ್ಡ ಹರ್ನಿಯಾ ಇದ್ದಾಗ, ಜಠರದ ಗೋಡೆ ವಪೆಯ ಕಿಂಡಿಗೆ ಉಜ್ಜುವ ಜಾಗದಲ್ಲಿ ಸಣ್ಣ ಹುಣ್ಣುಗಳಾಗುತ್ತವೆ. ಅವಕ್ಕೆ ಕ್ಯಾಮರಾನ್ ಹುಣ್ಣು ಎನ್ನುತ್ತಾರೆ. ಅಲ್ಲಿಂದ ರಕ್ತ ನಿಧಾನವಾಗಿ ಸೋರುತ್ತಿರಬಹುದು. ಮಾತ್ರೆ ತಿಂದರೂ ರಕ್ತ ಏರುತ್ತಿಲ್ಲ, ಅಥವಾ ಏರಿ ಮತ್ತೆ ಇಳಿಯುತ್ತಿದೆ ಎಂದರೆ ಎಂಡೋಸ್ಕೋಪಿ, ಅಂದರೆ ಬಾಯಿಂದ ಕ್ಯಾಮೆರಾ ನಳಿಕೆ ಇಳಿಸಿ ನೋಡುವ ಟೆಸ್ಟ್, ಬೇಕಾ ಎಂದು ಕೇಳಿ.

ಹೆಜ್ಜೆ 3: ಎದೆ ಎಕ್ಸ್‌ರೇ ಸುಳಿವು ಕೊಡಬಹುದು

ಹಯಾಟಸ್ ಹರ್ನಿಯಾ ಎಷ್ಟೋ ಸಲ ಹುಡುಕದೇ ಸಿಗುತ್ತದೆ. ಕೆಮ್ಮಿಗೆಂದೋ, ಕಣ್ಣಿನ ಆಪರೇಷನ್‌ಗೆ ಮೊದಲೆಂದೋ ತೆಗೆಸಿದ ಎಕ್ಸ್‌ರೇಯಲ್ಲಿ ಹೃದಯದ ನೆರಳಿನ ಹಿಂದೆ ಒಂದು ದುಂಡನೆಯ ಆಕಾರ ಕಾಣುತ್ತದೆ. ಒಳಗೆ ಮೇಲೆ ಗಾಳಿ, ಕೆಳಗೆ ದ್ರವ, ನಡುವೆ ನೇರ ಅಡ್ಡಗೆರೆ. ಎದೆಯಲ್ಲಿರಬಾರದ ಜಠರ ಅಲ್ಲಿದೆ ಎಂಬ ಸುಳಿವು ಅದು. ಪಕ್ಕದಿಂದ ಇನ್ನೊಂದು ಫಿಲ್ಮ್ ತೆಗೆದರೆ ಆ ನೆರಳು ಹೃದಯದ ಹಿಂದಿದೆ ಎಂದು ಖಚಿತವಾಗುತ್ತದೆ. ಶ್ವಾಸಕೋಶದ ಕೀವುಗುಳ್ಳೆಯೂ ಹೀಗೇ ಕಾಣಬಹುದು. ಆದ್ದರಿಂದ ಮುಂದಿನ ಟೆಸ್ಟ್ ಬೇಕೇ ಬೇಕು. ಸಣ್ಣ ಹರ್ನಿಯಾ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ.

ಹೆಜ್ಜೆ 4: ಬೇರಿಯಂ ಟೆಸ್ಟ್

ಬಿಳಿ ದ್ರವ ಕುಡಿಸಿ, ಅದು ಇಳಿಯುವುದನ್ನು ಎಕ್ಸ್‌ರೇಯಲ್ಲಿ ನೋಡುವ ಟೆಸ್ಟ್ ಇದು. ನನಗೆ ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು ಅನ್ನಿಸುತ್ತದೆ. ಎಂಡೋಸ್ಕೋಪಿ ಬಂದ ಮೇಲೆ ಇದನ್ನು ಹಳೇ ಕಾಲದ್ದು ಎಂದು ಮರೆಯುತ್ತಿದ್ದಾರೆ. ಆದರೆ ಜಠರ ಯಾವ ಆಕಾರದಲ್ಲಿ, ಎಷ್ಟು ಮೇಲೆ ಬಂದಿದೆ, ಕೆಳಗೆ ಮರಳುತ್ತದಾ, ನುಂಗಿದ್ದು ಸರಾಗವಾಗಿ ಇಳಿಯುತ್ತದಾ ಎಂಬುದನ್ನು ಕಣ್ಣೆದುರೇ ಚಲಿಸುವ ಚಿತ್ರವಾಗಿ ತೋರಿಸುವುದು ಇದೇ. ಆಪರೇಷನ್ ಯೋಚಿಸುವ ಸರ್ಜನ್‌ಗೆ ಈ ನಕ್ಷೆ ಬಹಳ ಬೇಕಾಗುತ್ತದೆ.

ಮೊದಲು ಚೀಟಿ. ಡಾಕ್ಟರು ಬರೆದ ಟೆಸ್ಟ್ ಚೀಟಿಯಲ್ಲಿ ಬರೀ 'ಬೇರಿಯಂ' ಎಂದಿದ್ದರೆ ಸಾಲದು. ನಿಮ್ಮ ತೊಂದರೆ ಏನು, ಹಯಾಟಸ್ ಹರ್ನಿಯಾ ಅನುಮಾನ ಇದೆಯಾ, ಹಿಂದೆ ಹೊಟ್ಟೆಯ ಆಪರೇಷನ್ ಆಗಿದೆಯಾ ಎಂಬುದನ್ನೂ ಬರೆಸಿಕೊಳ್ಳಿ. ರೇಡಿಯಾಲಜಿಸ್ಟ್ ಆ ಸಾಲು ನೋಡಿಯೇ ಯಾವ ಭಂಗಿಯಲ್ಲಿ ಚಿತ್ರ ತೆಗೆಯಬೇಕೆಂದು ನಿರ್ಧರಿಸುತ್ತಾರೆ.

ಹಿಂದಿನ ರಾತ್ರಿ ಬೇಗ ಊಟ ಮುಗಿಸಿ. ಸಾಮಾನ್ಯವಾಗಿ ಮಧ್ಯರಾತ್ರಿಯಿಂದ ಏನೂ ತಿನ್ನಬಾರದು, ಕುಡಿಯಬಾರದು. ಬೆಳಗಿನ ಕಾಫಿಯೂ ಬೇಡ. ಎಲೆಅಡಿಕೆ, ಬೀಡಿ, ಚೂಯಿಂಗ್ ಗಮ್ ಕೂಡ ಬೇಡ. ಇವು ಜೊಲ್ಲು, ಜಠರರಸ ಹೆಚ್ಚಿಸುತ್ತವೆ. ಆಗ ಬೇರಿಯಂ ಗೋಡೆಗೆ ಸರಿಯಾಗಿ ಅಂಟುವುದಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಬೆಳಗಿನ ಮೊದಲ ಸರದಿ ಕೇಳಿ. ಮಾತ್ರೆ, ಇನ್ಸುಲಿನ್ ಏನು ಮಾಡಬೇಕೆಂದು ಮೊದಲೇ ಡಾಕ್ಟರ ಹತ್ತಿರ ಕೇಳಿಕೊಳ್ಳಿ. ಮಂಡ್ಯದ ಕಡೆಯಿಂದ ಮೈಸೂರಿಗೆ ಬರುವವರಿಗೆ ದಾರಿಯೇ 45 ಕಿ.ಮೀ. ಹಸಿದು ಬಂದಿರುತ್ತೀರಿ. ಟೆಸ್ಟ್ ಆದ ಮೇಲೆ ತಿನ್ನಲು ಇಡ್ಲಿಯೋ ಬಾಳೆಹಣ್ಣೋ ಬ್ಯಾಗಲ್ಲಿರಲಿ, ಜೊತೆಗೊಬ್ಬರಿರಲಿ. ಬಸುರಿಯಾಗಿರುವ ಸಾಧ್ಯತೆ ಇದ್ದರೆ ಸಂಕೋಚ ಪಡದೆ ಮೊದಲೇ ಹೇಳಿ. ನುಂಗುವಾಗ ಪದೇ ಪದೇ ಕೆಮ್ಮು ಬರುತ್ತಿದ್ದರೆ, ಪಾರ್ಶ್ವವಾಯು ಆಗಿದ್ದರೆ ಅದನ್ನೂ ಹೇಳಿ. ಕುಡಿದದ್ದು ಶ್ವಾಸನಾಳಕ್ಕೆ ಹೋಗದಂತೆ ಅವರು ಎಚ್ಚರ ವಹಿಸುತ್ತಾರೆ. ಮಾಂಗಲ್ಯದ ಸರ, ಲೋಹದ ತಾಯತ ತೆಗೆಯಲು ಹೇಳುತ್ತಾರೆ. ತೆಗೆಯಲು ಮನಸ್ಸಿಲ್ಲದ ಹಿರಿಯರಿಗೆ ಹಿಂದಿನ ದಿನವೇ ಹೇಳಿ ಒಪ್ಪಿಸಿ. ಅಲ್ಲಿ ಹೋಗಿ ಅವರು ನೊಂದುಕೊಳ್ಳುವುದು ಬೇಡ.

ಒಳಗೆ ಕೊಡುವ ಬಿಳಿ ದ್ರವ ಸೀಮೆಸುಣ್ಣ ಕಲಸಿದ ಗಂಜಿಯ ಹಾಗಿರುತ್ತದೆ. ಅದು ಬೇರಿಯಂ ಸಲ್ಫೇಟ್. ಕರಗುವುದಿಲ್ಲ, ಮೈಗೆ ಹೀರಿಕೊಳ್ಳುವುದಿಲ್ಲ, ಎಕ್ಸ್‌ರೇಯನ್ನು ತಡೆಯುತ್ತದೆ. ಆದ್ದರಿಂದ ಅದು ಹರಿದ ದಾರಿಯೆಲ್ಲ ಪರದೆಯ ಮೇಲೆ ಎದ್ದು ಕಾಣುತ್ತದೆ. ಕೆಲವು ಕಡೆ ಮೊದಲು ಗಾಳಿ ಬಿಡುವ ಪುಡಿಯನ್ನು ನುಂಗಿಸುತ್ತಾರೆ. ಹೊಟ್ಟೆ ಉಬ್ಬಿ ತೇಗು ಬರುತ್ತದೆ. ಸ್ವಲ್ಪ ಹೊತ್ತು ತೇಗು ತಡೆದುಕೊಳ್ಳಿ, ಆ ಗಾಳಿ ಒಳಗೇ ಬೇಕು.

ಮೊದಲ ಚಿತ್ರಗಳು ನಿಂತು. ಆಮೇಲೆ ಟೇಬಲ್ ಮೆಲ್ಲಗೆ ಮಲಗುತ್ತದೆ. ಹೊಟ್ಟೆ ಅಡಿಯಾಗಿ, ಒಂದು ಪಕ್ಕಕ್ಕೆ ಓರೆಯಾಗಿ ಮಲಗಿಸಿ, ಸ್ಟ್ರಾದಲ್ಲಿ ಬೇಗ ಬೇಗ ಕುಡಿಯಲು ಹೇಳುತ್ತಾರೆ. ಉಸಿರು ಹಿಡಿದು ತಿಣುಕಿ ಎನ್ನುತ್ತಾರೆ. ಸುಸ್ತಾದ ರೋಗಿಗೆ ಇದು ಕಷ್ಟವೇ. ಆದರೆ ಜಾರುವ ಹರ್ನಿಯಾವನ್ನು ಹಿಡಿಯುವುದು ಈ ಭಾಗದಲ್ಲೇ. ನಿಂತಾಗ ಜಠರ ತನ್ನ ಭಾರಕ್ಕೆ ಕೆಳಗಿಳಿದುಬಿಡುತ್ತದೆ. ಮಲಗಿ ತಿಣುಕಿದಾಗ ಮೇಲೆ ಬರುತ್ತದೆ. ನಿಂತು ಮಾತ್ರ ತೆಗೆದ ಬೇರಿಯಂ ಟೆಸ್ಟ್ ನಾರ್ಮಲ್ ಬಂದರೆ ಸಣ್ಣ ಹರ್ನಿಯಾ ತಪ್ಪಿಹೋಗಿರಬಹುದು. 'ಮಲಗಿಸಿಯೂ ತೆಗೆಯುತ್ತೀರಾ?' ಎಂದು ಟೆಕ್ನಿಷಿಯನ್‌ಗೆ ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಪರದೆಯಲ್ಲಿ ಅವರು ನೋಡುವುದು ಏನು? ಅನ್ನನಾಳದ ಗೋಡೆ ನುಣುಪು, ಜಠರದ ಒಳಗೋಡೆಯಲ್ಲಿ ದಪ್ಪ ಮಡಿಕೆಗಳಿರುತ್ತವೆ. ಆ ಮಡಿಕೆಗಳು ವಪೆಯ ಮಟ್ಟ ದಾಟಿ ಮೇಲೆ ಹೋಗಿದ್ದರೆ ಜಠರ ಎದೆಯೊಳಗಿದೆ ಎಂದು ಅರ್ಥ. ಅನ್ನನಾಳ, ಜಠರ ಕೂಡುವ ಜಾಗದಲ್ಲಿ ಕೆಲವೊಮ್ಮೆ ಉಂಗುರದಂಥ ಗೆರೆ ಕಾಣುತ್ತದೆ. ಆ ಗೆರೆಗೂ ವಪೆಯ ಕಿಂಡಿಗೂ 2 ಸೆಂ.ಮೀ.ಗಿಂತ ಜಾಸ್ತಿ ಅಂತರವಿದ್ದರೆ ಹರ್ನಿಯಾ ಎನ್ನುತ್ತಾರೆ. ಅನ್ನನಾಳ ಕಿರಿದಾಗಿದ್ದರೆ, ಕುಡಿದದ್ದು ಹಿಂದಕ್ಕೆ ಚಿಮ್ಮುತ್ತಿದ್ದರೆ ಅದೂ ಆಗಲೇ ಗೊತ್ತಾಗುತ್ತದೆ.

ಟೆಸ್ಟ್ ಆದ ಮೇಲೆ ನೀರು ಚೆನ್ನಾಗಿ ಕುಡಿಯಿರಿ. ಒಂದೆರಡು ದಿನ ಮಲ ಬಿಳಿಯಾಗಿ ಹೋಗುತ್ತದೆ, ಗಾಬರಿ ಬೇಡ. ಬೇರಿಯಂ ಒಳಗೇ ಗಟ್ಟಿಯಾದರೆ ಮಲಬದ್ಧತೆ ಆಗುತ್ತದೆ. ಎರಡು ಮೂರು ದಿನ ಮಲವೇ ಆಗದಿದ್ದರೆ, ಹೊಟ್ಟೆನೋವು ಬಂದರೆ ಡಾಕ್ಟರನ್ನು ನೋಡಿ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಒಳಗೆ ಉಳಿದ ಬೇರಿಯಂ ಸಿಟಿ ಸ್ಕ್ಯಾನ್‌ನ ಚಿತ್ರ ಕೆಡಿಸುತ್ತದೆ, ಎಂಡೋಸ್ಕೋಪಿಯಲ್ಲೂ ಗೋಡೆಯನ್ನು ಮುಚ್ಚಿಬಿಡುತ್ತದೆ. ಒಂದೇ ವಾರದಲ್ಲಿ ಎರಡು ಮೂರು ಟೆಸ್ಟ್ ಬರೆದಿದ್ದರೆ ಯಾವುದು ಮೊದಲು ಎಂದು ಕೇಳಿಯೇ ದಿನ ಗೊತ್ತುಮಾಡಿ. ಇಲ್ಲದಿದ್ದರೆ ಹಣವೂ ದಿನವೂ ದಂಡ.

ಹೆಜ್ಜೆ 5: ಎಂಡೋಸ್ಕೋಪಿ

ಇದರಲ್ಲಿ ಎಕ್ಸ್‌ರೇ ಇಲ್ಲ, ಕ್ಯಾಮೆರಾ ಇದೆ. ನಮ್ಮ ಕಡೆ ಎಷ್ಟೋ ಜನರಿಗೆ ಹರ್ನಿಯಾ ಇರುವುದು ಇದರಲ್ಲೇ ಮೊದಲು ಗೊತ್ತಾಗುತ್ತದೆ. ಖಾಲಿ ಹೊಟ್ಟೆ, ಗಂಟಲಿಗೆ ಮರಗಟ್ಟುವ ಔಷಧಿ, ಕೆಲವು ನಿಮಿಷದ ಕೆಲಸ. ಗಂಟಲ ಮರಗಟ್ಟು ಬಿಡುವವರೆಗೆ ಕುಡಿಯಲು, ತಿನ್ನಲು ಅವಸರ ಮಾಡಬೇಡಿ.

ರಿಪೋರ್ಟ್‌ನಲ್ಲಿ ಎರಡು ಅಂಕಿ ಹುಡುಕಿ. ಅನ್ನನಾಳದ ಒಳಪದರ ಮುಗಿದು ಜಠರದ ಪದರ ಶುರುವಾಗುವ ಗೆರೆಗೆ ಝಡ್ ಲೈನ್ ಎನ್ನುತ್ತಾರೆ. ವಪೆ ಒತ್ತುವ ಜಾಗಕ್ಕೆ ಹಯಾಟಸ್. ಎರಡರ ದೂರವನ್ನೂ ಮುಂಬಲ್ಲಿನಿಂದ ಅಳೆದಿರುತ್ತಾರೆ. ಉದಾಹರಣೆಗೆ ಝಡ್ ಲೈನ್ 36 ಸೆಂ.ಮೀ., ಹಯಾಟಸ್ 40 ಸೆಂ.ಮೀ. ಎಂದಿದ್ದರೆ ಸುಮಾರು 4 ಸೆಂ.ಮೀ. ಉದ್ದದ ಹರ್ನಿಯಾ. 2 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಖಚಿತವಾಗಿ ಹೇಳುವುದು ಕಷ್ಟ. ಗಾಳಿ ತುಂಬಿದಾಗ, ರೋಗಿ ಓಕರಿಸಿದಾಗ, ಉಸಿರಾಡಿದಾಗ ಆ ಅಳತೆ ಬದಲಾಗುತ್ತದೆ. ಇಂಥ ಸಣ್ಣ ಅಂಕಿಗೆ ನಿದ್ದೆ ಕೆಡಿಸಿಕೊಳ್ಳುವವರನ್ನು ನೋಡಿದರೆ ನನಗೆ ಬೇಜಾರಾಗುತ್ತದೆ. ಹಿಲ್ ಗ್ರೇಡ್ 1ರಿಂದ 4 ಎಂದು ಬರೆದಿದ್ದರೆ, ಅದು ಜಠರದ ಬಾಯಿಯ ಕವಾಟ ಎಷ್ಟು ಸಡಿಲವಾಗಿದೆ ಎಂಬ ಅಂದಾಜು. 1 ಗಟ್ಟಿ, 4 ಪೂರ್ತಿ ಸಡಿಲ. ಎಲ್ಎ ಗ್ರೇಡ್ ಎಯಿಂದ ಡಿವರೆಗೆ ಇದ್ದರೆ ಅದು ಆಸಿಡ್‌ನಿಂದ ಆದ ಗಾಯದ ಮಟ್ಟ. ಗಾಯ ನೋಡುವುದು, ಹುಣ್ಣು ಹುಡುಕುವುದು, ಅನುಮಾನ ಬಂದ ಕಡೆ ಚೂರು ತೆಗೆದು ಪರೀಕ್ಷೆಗೆ ಕಳಿಸುವುದು, ಇವು ಎಂಡೋಸ್ಕೋಪಿಯ ಬಲ. ಬೇರಿಯಂನಿಂದ ಇದು ಆಗುವುದಿಲ್ಲ. ಕಪ್ಪು ಮಲ, ತೂಕ ಇಳಿಕೆ ಇದ್ದವರಿಗೆ ಎಂಡೋಸ್ಕೋಪಿಯೇ ಮೊದಲು.

ಹೆಜ್ಜೆ 6: ಸಿಟಿ ಸ್ಕ್ಯಾನ್ ಎಲ್ಲರಿಗೂ ಅಲ್ಲ

ಬರೀ ಎದೆಯುರಿಗೆ ಸಿಟಿ ಬೇಡ. ದೊಡ್ಡ ಹರ್ನಿಯಾ ಇದ್ದು ಉಸಿರಾಟಕ್ಕೆ ತೊಂದರೆ ಆದಾಗ, ಆಪರೇಷನ್‌ಗೆ ಮೊದಲು, ತಟ್ಟನೆ ಜೋರು ನೋವು ಬಂದಾಗ ಸಿಟಿಯ ಬೆಲೆ ಗೊತ್ತಾಗುತ್ತದೆ. ಕಿಂಡಿ ಎಷ್ಟು ಅಗಲವಾಗಿದೆ, ಜಠರದ ಜೊತೆ ಕರುಳೋ ಗುಲ್ಮವೋ (ಸ್ಪ್ಲೀನ್) ಮೇಲೆ ಹೋಗಿದೆಯಾ, ಜಠರ ತಿರುಚಿಕೊಂಡಿದೆಯಾ ಎಂಬುದನ್ನು ಅದು ಎಲ್ಲ ಕೋನಗಳಿಂದ ತೋರಿಸುತ್ತದೆ. ಚಿತ್ರ ಎದ್ದು ಕಾಣಲು ಕಾಂಟ್ರಾಸ್ಟ್ ಇಂಜೆಕ್ಷನ್ ಕೊಡುವುದಾದರೆ ಮೊದಲು ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ನೋಡುತ್ತಾರೆ. ಕಿಡ್ನಿ ತೊಂದರೆ, ಹಿಂದೆ ಆದ ಅಲರ್ಜಿ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ಇವನ್ನೆಲ್ಲ ತಿಳಿಸಿ.

ವಿಕಿರಣದ ಬಗ್ಗೆ ಭಯವೂ ಬೇಡ, ಉಡಾಫೆಯೂ ಬೇಡ. ಪ್ರಕೃತಿಯಿಂದಲೇ ನಮಗೆ ವರ್ಷಕ್ಕೆ ಸುಮಾರು 2ರಿಂದ 3 ಮಿಲಿಸೀವರ್ಟ್ (ವಿಕಿರಣದ ಅಳತೆ) ತಗಲುತ್ತದೆ. ಎದೆ ಎಕ್ಸ್‌ರೇ ಹೆಚ್ಚೆಂದರೆ 0.1. ಬೇರಿಯಂ ಟೆಸ್ಟ್ ಕೆಲವು ಮಿಲಿಸೀವರ್ಟ್. ಹೊಟ್ಟೆಯ ಸಿಟಿ ಸುಮಾರು 8ರಿಂದ 10. ಬೇಕಾದಾಗ ಮಾಡಿಸಲೇಬೇಕು. ಹಳೇ ಸಿಡಿ ಕಳೆದುಹೋಯಿತು ಎಂದು ಮತ್ತೆ ಮಾಡಿಸುವುದು ಮಾತ್ರ ಬೇಡ.

ಈಗ ಒಂದು ತುರ್ತು ಮಾತು. ಮೇಲ್ಹೊಟ್ಟೆಯಲ್ಲಿ ತಡೆಯಲಾರದ ನೋವು, ಓಕರಿಕೆ ಬರುತ್ತದೆ ಆದರೆ ಏನೂ ಹೊರಗೆ ಬರುವುದಿಲ್ಲ, ಎಂಜಲು ಕೂಡ ಇಳಿಯುವುದಿಲ್ಲ. ಹೀಗಾದರೆ ಎದೆಯೊಳಗಿನ ಜಠರ ತಿರುಚಿಕೊಂಡಿರಬಹುದು. ಕ್ಲಿನಿಕ್‌ನಲ್ಲಿ ಇಂಜೆಕ್ಷನ್ ಹಾಕಿಸಿಕೊಂಡು ಮನೆಗೆ ಹೋಗಬೇಡಿ. ಸರ್ಜರಿ ವಿಭಾಗ ಇರುವ ಆಸ್ಪತ್ರೆಯ ಎಮರ್ಜೆನ್ಸಿಗೆ, ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ, ನೇರ ಹೋಗಿ. 'ಹಯಾಟಸ್ ಹರ್ನಿಯಾ ಇದೆ' ಎಂದು ಬಾಗಿಲಲ್ಲೇ ಹೇಳಿ.

ಹೆಜ್ಜೆ 7: ರಿಪೋರ್ಟ್ ಕೈಗೆ ಬಂದ ಮೇಲೆ

ಹರ್ನಿಯಾ ಎಂದ ಕೂಡಲೇ ತೊಡೆಸಂದಿನ ಹರ್ನಿಯಾ ನೆನಪಾಗಿ, ಆಪರೇಷನ್ ಗ್ಯಾರಂಟಿ ಎಂದು ಮನೆಮಂದಿ ಅಳುವುದುಂಟು. ಇದು ಹಾಗಲ್ಲ. ಮೊದಲು ಬಗೆ ನೋಡಿ. ಟೈಪ್ 1 ಎಂದರೆ ಜಾರುವ ಬಗೆ. ಟೈಪ್ 2ರಲ್ಲಿ ಅನ್ನನಾಳ ಕೂಡುವ ಜಾಗ ಕೆಳಗೇ ಇದ್ದು, ಜಠರದ ಒಂದು ಭಾಗ ಪಕ್ಕದಿಂದ ಮೇಲೆ ನುಗ್ಗಿರುತ್ತದೆ. ಟೈಪ್ 3 ಎರಡೂ ಸೇರಿದ್ದು. ಟೈಪ್ 4ರಲ್ಲಿ ಬೇರೆ ಅಂಗವೂ ಮೇಲೆ ಬಂದಿರುತ್ತದೆ. ಸಣ್ಣ ಟೈಪ್ 1, ತೊಂದರೆಯೇನೂ ಇಲ್ಲ ಎಂದಾದರೆ ಚಿಕಿತ್ಸೆಯೇ ಬೇಡ. ಉರಿ ಇದ್ದರೆ ಮಾತ್ರೆ, ತೂಕ ಇಳಿಸುವುದು, ಊಟ ಮತ್ತು ನಿದ್ದೆಯ ನಡುವೆ ಕನಿಷ್ಠ 2–3 ಗಂಟೆ ಬಿಡುವುದು, ಮಂಚದ ತಲೆಭಾಗ ಎತ್ತರಿಸುವುದು. ಮಾತ್ರೆ ಉರಿಯನ್ನು ತಗ್ಗಿಸುತ್ತದೆ, ಜಠರವನ್ನು ಕೆಳಗೆ ತಳ್ಳುವುದಿಲ್ಲ. ಟೈಪ್ 2, 3, 4 ಎಂದಿದ್ದರೆ ತೊಂದರೆ ಕಡಿಮೆ ಇದ್ದರೂ ಒಮ್ಮೆ ಸರ್ಜನ್‌ಗೆ ತೋರಿಸಿ.

ಆಪರೇಷನ್ ಯೋಚನೆ ಇದ್ದರೆ ಮ್ಯಾನೋಮೆಟ್ರಿ ಎಂಬ ಇನ್ನೊಂದು ಟೆಸ್ಟ್ ಹೇಳಬಹುದು. ಮೂಗಿನಿಂದ ತೆಳು ನಳಿಕೆ ಇಳಿಸಿ ಅನ್ನನಾಳದ ಒತ್ತಡ ಅಳೆಯುತ್ತಾರೆ. ಎಲ್ಲ ಕಡೆ ಸಿಗುವುದಿಲ್ಲ, ವಿಚಾರಿಸಿ ಹೋಗಿ.

ಖರ್ಚಿನ ವಿಷಯಕ್ಕೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ನಿಮ್ಮ ಟೆಸ್ಟ್ ಅಥವಾ ಆಪರೇಷನ್ ಅದರಲ್ಲಿ ಬರುತ್ತದಾ, ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾ ಎಂದು ಆಸ್ಪತ್ರೆಯಲ್ಲಿ ಯೋಜನೆಯ ಸಹಾಯಕ್ಕಿರುವ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ.

ಫಿಲ್ಮ್, ಸಿಡಿ, ರಿಪೋರ್ಟ್ ಎಲ್ಲ ಒಂದೇ ಕವರ್‌ನಲ್ಲಿಡಿ. ಮೊಬೈಲ್‌ನಲ್ಲಿ ಫೋಟೋ ಇದ್ದರೆ ಸಾಕು ಅನ್ನಬೇಡಿ, ಮುಂದಿನ ಡಾಕ್ಟರಿಗೆ ಮೂಲ ಚಿತ್ರವೇ ಬೇಕು. ಸಣ್ಣ ಹರ್ನಿಯಾಕ್ಕೆ ವರ್ಷಾವರ್ಷ ಟೆಸ್ಟ್ ಬೇಕಿಲ್ಲ. ನುಂಗಲು ಕಷ್ಟವಾಗತೊಡಗಿದರೆ, ರಕ್ತ ಕಡಿಮೆಯಾದರೆ, ಉಂಡ ಮೇಲೆ ಉಸಿರು ಕಟ್ಟತೊಡಗಿದರೆ ಆ ಕವರ್ ಹಿಡಿದುಕೊಂಡು ಮತ್ತೆ ಡಾಕ್ಟರ ಹತ್ತಿರ ಹೋಗಿ. ಹಳೇ ಚಿತ್ರದ ಪಕ್ಕ ಹೊಸದನ್ನು ಇಟ್ಟು ನೋಡಿದರೆ ಹರ್ನಿಯಾ ಬೆಳೆದಿದೆಯಾ, ಹಾಗೇ ಇದೆಯಾ ಎಂದು ಅವರು ಹೇಳುತ್ತಾರೆ.